ಭದ್ರಾವತಿಯಿಂದ ಬಂದವಳು

ನಲವತ್ತು ದಾಟಿದ ಗಂಡಸು ಪರರ ಮನೆಯ ಗ್ರೈಂಡರಿನ ಮೇಲೆ ಹತ್ತಿ ನಿಲ್ಲಬೇಕಾದರೆ ಸರಿಯಾದ ಕಾರಣ ಇರಬೇಕು. ನನಗೆ ಇತ್ತು. ಆದರೆ ಅದನ್ನು ಅಲ್ಲಿದ್ದ ಹೆಂಗಸರಿಗೆ ವಿವರಿಸುವಷ್ಟರಲ್ಲಿ ಗ್ರೈಂಡರು ಒಂದು ಕಡೆ ವಾಲಿತು, ನಾನು ಇನ್ನೊಂದು ಕಡೆ ವಾಲಿದೆ. ನನ್ನ ಪಂಚೆ ಮಾತ್ರ ಗ್ರೈಂಡರಿನ ಪಕ್ಷ ವಹಿಸಿ ಅದರ ಜೊತೆಗೇ ಹೋಯಿತು.

ಇದು ನಡೆದದ್ದು ಭದ್ರಾವತಿಯ ಕಾರ್ಖಾನೆ ಕ್ವಾರ್ಟರ್ಸಿನಲ್ಲಿ, ಧರ್ಮಪ್ಪ ಎಂಬುವರ ಮನೆಯಲ್ಲಿ, ಎರಡು ಸಾವಿರದ ಎರಡನೇ ಇಸವಿಯ ಬೇಸಿಗೆಯಲ್ಲಿ. ಧರ್ಮಪ್ಪನವರಿಗೆ ರಿಟೈರ್ ಆಗಿತ್ತು. ಕ್ವಾರ್ಟರ್ಸ್ ಖಾಲಿ ಮಾಡಬೇಕಾದ್ದರಿಂದ ಹೆಚ್ಚಾದ ಸಾಮಾನುಗಳನ್ನು ಮಾರುತ್ತಿದ್ದರು. ನಮ್ಮ ಎದುರು ಮನೆಯ ಶಿವಮೂರ್ತಪ್ಪನವರು ಅವರ ಗ್ರೈಂಡರ್ ನೋಡಲು ಶಿವಮೊಗ್ಗದಿಂದ ಹೊರಟರು. ಸಾಮಾನು ಪರೀಕ್ಷಿಸುವುದರಲ್ಲಿ ನನಗೆ ಅನುಭವವಿದೆ ಎಂದು ನಾನೇ ಹೇಳಿಕೊಂಡು ನಾನೂ ಬಸ್ಸು ಹತ್ತಿದ್ದೆ.

ಹಾಲಿನಲ್ಲಿ ಟವೆಲ್ ಹೊದಿಸಿದ ಒಂದು ಗಾಜಿನ ಪೆಟ್ಟಿಗೆ ಇತ್ತು. ಮೀನಿನ ತೊಟ್ಟಿ ಇರಬೇಕೆಂದು ಅದರ ಮೇಲೆ ಕಾಫಿ ಲೋಟ ಇಟ್ಟುಕೊಂಡು ಕುಡಿದೆ. ಕುಡಿದ ಮೇಲೆ ಬಾಯಿ ಒರೆಸಿಕೊಳ್ಳಲು ಆ ಟವೆಲನ್ನೇ ಎಳೆದೆ. ನನ್ನ ಮೂಗಿಗೆ ಒಂದು ಗೇಣು ದೂರದಲ್ಲಿ, ಗಾಜಿನ ಒಳಗೆ, ನನ್ನ ಅಂಗೈಯಷ್ಟು ಅಗಲದ, ಮೈತುಂಬ ಕೂದಲಿದ್ದ ಜೇಡ ಕೂತಿತ್ತು. ಮುಂದಿನದನ್ನು ಹೇಳಿದ್ದೇನೆ.

"ಅಯ್ಯಯ್ಯೋ, ಎಟ್ಟುಕಾಲ್ ಪೂಚ್ಚಿ!" ಎಂದು ಪಕ್ಕದ ಕ್ವಾರ್ಟರ್ಸಿನ ತಮಿಳು ಹೆಂಗಸು ಮೊದಲು ಕೂಗಿದರು. ಆಮೇಲೆ ನೆಲದ ಮೇಲಿದ್ದ ನನ್ನನ್ನು ನೋಡಿ, "ಸಾರ್, ಅದು ಡಬ್ಬಿ ಒಳಗಡೆ ಇದೆ ಸಾರ್. ನೀವೇ ಹೊರಗಡೆ ಇದೀರಾ" ಎಂದು ಮುಖ ತಿರುಗಿಸಿಕೊಂಡು ಪಂಚೆ ಎತ್ತಿಕೊಟ್ಟರು.

ಗ್ರೈಂಡರಿನ ಕಲ್ಲು ಬಿರುಕು ಬಿಟ್ಟಿತ್ತು.

"ನಮ್ಮ ಮಗಳು ಸೌಂದರ್ಯಂದು ಕಣ್ರೀ ಅದು" ಎಂದರು ಧರ್ಮಪ್ಪ. ಅವರ ದನಿಯಲ್ಲಿ ಗ್ರೈಂಡರಿನ ದುಃಖವೂ ಸೇರಿತ್ತು. "ಎಮ್ಮೆಸ್ಸಿ ಓದುವಾಗ ಬೆಂಗಳೂರಿಂದ ತಂದಿದ್ಲು, ಸಾಕ್ತೀನಿ ಅಂತ. ಹೋದ ತಿಂಗಳು ಮದುವೆ ಆಗಿ ಹುಬ್ಬಳ್ಳಿಗೆ ಹೋದ್ಲು. ಸೀರೆ, ಪಾತ್ರೆ, ಮಂಚ, ಎಲ್ಲಾ ಕಳಿಸಿದ್ವಿ. ಇದನ್ನ ಕಳ್ಸಕ್ಕಾಗುತ್ತಾ? ಬೀಗರಿಗೆ ಇದರ ವಿಷಯ ಗೊತ್ತೇ ಇಲ್ಲ. ಫೋನಲ್ಲಿ ಕೂಡ ಎತ್ತೋ ಹಂಗಿಲ್ಲ."

"ಈಗೇನ್ ಮಾಡ್ತೀರಿ?" ಎಂದರು ಶಿವಮೂರ್ತಪ್ಪ.

"ಒಲೆ ಮೇಲೆ ನೀರಿಟ್ಟಿದೀನಿ. ಕುದ್ದ ಮೇಲೆ ಸುರಿದುಬಿಡೋದು."

"ಹಿತ್ತಲಿಗೆ ಬಿಟ್ಬಿಡಿ ಸ್ವಾಮಿ" ಎಂದೆ ನಾನು, ಪಂಚೆ ಬಿಗಿದುಕೊಳ್ಳುತ್ತ.

"ಬಿಡಬಾರದಂತೆ ರಾಯರೆ. ಹೊರದೇಶದ್ದು, ಮಳೆಗಾಲ ಬಂದ್ರೆ ಹೊರಗಡೆ ಉಳಿಯಲ್ಲ ಅಂದಿದ್ಲು. ಹಂಗಂತ ಹೊಸ ಮನೆಗೆ ಇದನ್ನ ಹೊತ್ಕೊಂಡು ಹೋದ್ರೆ ನಮ್ಮೋಳು ನನ್ನ ಒಳಗೆ ಬಿಡ್ತಾಳಾ?"

ಶಿವಮೂರ್ತಪ್ಪ ಪೆಟ್ಟಿಗೆಯ ಮುಂದೆ ಕುಕ್ಕರಗಾಲಲ್ಲಿ ಕೂತು ಜೇಡವನ್ನು ನೋಡಿದರು. ಅದು ಮೂಲೆಯಲ್ಲಿದ್ದ ಅರ್ಧ ತೆಂಗಿನ ಚಿಪ್ಪಿನೊಳಕ್ಕೆ ಹಿಂದುಹಿಂದಾಗಿ ಸರಿದು ಮುದುರಿಕೊಂಡಿತು.

"ಆ ನೀರಲ್ಲಿ ಇನ್ನೊಂದ್ ಸಲ ಕಾಫಿ ಮಾಡ್ಬಿಡಿ" ಎಂದರು. "ಇದನ್ನ ನಾನು ತಗೊಂಡು ಹೋಗ್ತೀನಿ."

ಶಿವಮೂರ್ತಪ್ಪನವರನ್ನು ತಿಳಿಯದವರಿಗೆ ಇದು ದಯೆಯ ಮಾತು ಎನಿಸಬಹುದು. ಅವರ ಪಾಲಿಗೆ ಅದು ಅಭ್ಯಾಸ. ಶಿವಮೊಗ್ಗದ ಕೋಟೆ ಬೀದಿಯಲ್ಲಿ ಅವರದೊಂದು ಮ್ಯಾಚಿಂಗ್ ಸೆಂಟರ್ ಇತ್ತು. ಸೀರೆಗೆ ಸರಿಹೊಂದುವ ರವಿಕೆ ಬಟ್ಟೆ ಹುಡುಕಿಕೊಡುವುದು ಅವರ ಕೆಲಸ. ಹೆಂಗಸರು ಬರುತ್ತಿದ್ದರು, ಸೀರೆಯ ಸೆರಗು ಚಾಚುತ್ತಿದ್ದರು, ಹಸಿರು ಬಟ್ಟೆಯ ಅಷ್ಟೂ ಥಾನುಗಳನ್ನು ಕೆಳಗಿಳಿಸಿ, ಬಿಚ್ಚಿಸಿ, ಬೀದಿಯ ಬೆಳಕಿಗೆ ಹಿಡಿಸಿ, "ಇದಕ್ಕಿಂತ ಒಂಚೂರು ಮಬ್ಬು ಬೇಕಿತ್ತು" ಎಂದು ಎದ್ದು ಹೋಗುತ್ತಿದ್ದರು. ಶಿವಮೂರ್ತಪ್ಪ ಒಂದು ಮಾತೂ ಆಡದೆ ಎಲ್ಲವನ್ನೂ ಸುತ್ತಿ ಮತ್ತೆ ಮೇಲಿಡುತ್ತಿದ್ದರು. ಆ ಅಂಗಡಿಯ ಮೂಲೆಗಳಲ್ಲಿ ಜೇಡರ ಬಲೆ ಗುಡಿಸುವಂತಿರಲಿಲ್ಲ. ದೀಪಾವಳಿಗೆ ಅಂಗಡಿಗಳನ್ನು ತೊಳೆದು ಬಣ್ಣ ಬಳಿಸುವಾಗ ಇವರು ಸ್ಟೂಲು ಹತ್ತಿ, ಷರಟಿನ ಡಬ್ಬದ ರಟ್ಟಿನ ಮೇಲೆ ಒಂದೊಂದೇ ಜೇಡವನ್ನು ಇಳಿಸಿಕೊಂಡು, ಬಣ್ಣ ಒಣಗುವವರೆಗೆ ಹಿಂದಿನ ಗೋಡೌನಿನಲ್ಲಿ ಬಿಡಾರ ಹೂಡಿಸಿ, ಲಕ್ಷ್ಮೀಪೂಜೆ ಮುಗಿದ ಮೇಲೆ ವಾಪಸು ತರುತ್ತಿದ್ದರು. ಯಾಕೆ ಎಂದು ನಾನೊಮ್ಮೆ ಕೇಳಿದ್ದೆ.

"ಬಟ್ಟೆಗೆ ಬರೋ ಹುಳಾನ ತಿನ್ನುತ್ವೆ" ಎಂದಿದ್ದರು. ಒಂದು ಥಾನು ಸುತ್ತಿ ಮೇಲಿಟ್ಟು, "ಮತ್ತೆ ಅಂಗಡಿಗೆ ಬಂದು ಯಾವ ಬಣ್ಣಾನೂ ಕೇಳಲ್ಲ" ಎಂದು ಸೇರಿಸಿದ್ದರು.

ನಾವು ಶಿವಮೊಗ್ಗದ ನಮ್ಮ ವಿದ್ಯಾನಗರಕ್ಕೆ ಮರಳಿದಾಗ ಅವರ ಮನೆಯವರು ಬಸವರಾಜೇಶ್ವರಿಯವರು ಉದ್ದು ನೆನೆಹಾಕಿ ಬಾಗಿಲಲ್ಲೇ ನಿಂತಿದ್ದರು.

"ಗ್ರೈಂಡರ್ ಎಲ್ಲಿ?"

"ರಾಯರು ಒಡೆದುಹಾಕಿದ್ರು."

"ಇದೇನಿದು?"

"ಜೇಡ."

ಆಕೆ ಟವೆಲ್ ಎತ್ತಿ ನೋಡಿದರು, ಮತ್ತೆ ಮುಚ್ಚಿದರು. "ಇದು ಹಿಟ್ಟು ರುಬ್ಬುತ್ತೇನ್ರಿ?"

ನಾನು ಮೆಲ್ಲಗೆ ನಮ್ಮ ಗೇಟಿನ ಕಡೆ ಹೊರಟೆ. "ನೀವೆಲ್ಲಿಗೆ ಹೊರಟ್ರಿ ರಾಯರೆ? ಬನ್ನಿ ಬನ್ನಿ. ಉದ್ದು ನೆಂದಿದೆ, ಒರಳಿದೆ, ನಿಮ್ಮ ರಟ್ಟೇನೂ ಇದೆ" ಎಂದರು. ಆ ಸಂಜೆ ನಾನು ಇನ್ನೊಬ್ಬರ ಮನೆಯ ದೋಸೆ ಹಿಟ್ಟು ರುಬ್ಬಿದೆ. ನನ್ನ ಹೆಂಡತಿ ವಿಮಲಾ ನಮ್ಮ ಜಗುಲಿಯಲ್ಲಿ ನಿಂತು ಪೂರ್ತಿ ನೋಡಿದಳು. ನಮ್ಮ ಮನೆಯ ಒರಳಿಗೂ ನನ್ನ ಪರಿಚಯ ಆಗಬಹುದೆಂದು ಅವಳಿಗೆ ಹೊಳೆದದ್ದು ಅವತ್ತೇ.

ಶಿವಮೂರ್ತಪ್ಪನವರ ಲೆಕ್ಕಾಚಾರ ಸರಳವಾಗಿತ್ತು. "ಆಷಾಢಕ್ಕೆ ಹುಡುಗಿ ತೌರಿಗೆ ಬರ್ತಾಳೆ. ಬಂದು, ನಂದೆಲ್ಲಿ ಅಂತ ಕೇಳ್ತಾಳೆ. ಅಲ್ಲೀವರೆಗೆ ಇದರ ಜೀವ ಇರಬೇಕು, ಅಷ್ಟೇ."

ಜೀವ ಇರಬೇಕಾದರೆ ಅದು ತಿನ್ನಬೇಕಿತ್ತು. ತೊಂದರೆ ಶುರುವಾದದ್ದು ಅಲ್ಲಿ.

ಅವರದು ಲಿಂಗಾಯತರ ಮನೆ. ಬೆಳಿಗ್ಗೆ ಇಷ್ಟಲಿಂಗದ ಪೂಜೆಯಾಗದೆ ತೊಟ್ಟು ನೀರೂ ಇಳಿಯುತ್ತಿರಲಿಲ್ಲ. ಕೋಳಿಮೊಟ್ಟೆ ಆ ಬೀದಿಯಲ್ಲಿ ಹಾದುಹೋದರೂ ಅವರ ಗೇಟು ತಾನಾಗಿ ಮುಚ್ಚಿಕೊಳ್ಳುತ್ತಿತ್ತು. ಸೌಂದರ್ಯ ಜಿರಲೆ ಹಾಕುತ್ತಿದ್ದಳೆಂದು ಧರ್ಮಪ್ಪ ಹೇಳಿದ್ದರು. ಶಿವಮೂರ್ತಪ್ಪ ಅದನ್ನು ಕೇಳಿಸಿಕೊಂಡಿದ್ದರು, ಒಪ್ಪಿರಲಿಲ್ಲ. "ಅಭ್ಯಾಸ ರಾಯರೆ. ಅಭ್ಯಾಸ ಮಾಡ್ಸಿದ್ರೆ ಏನು ಬೇಕಾದ್ರೂ ತಿನ್ನುತ್ತೆ" ಎಂದು ಮೊದಲ ದಿನ ಮೊಸರನ್ನ ಇಟ್ಟರು. ಮೊಸರನ್ನ ಹುಳಿಯಾಯಿತು. ಬಾಳೆಹಣ್ಣು ಇಟ್ಟರು, ಕಪ್ಪಾಯಿತು. ನೆನೆಸಿದ ಹೆಸರುಕಾಳು ಇಟ್ಟರು, ಮೊಳಕೆ ಬಂತು. ಹತ್ತಿಯನ್ನು ಹಾಲಿನಲ್ಲಿ ಅದ್ದಿ ಇಟ್ಟ ದಿನ ಬಸವರಾಜೇಶ್ವರಿಯವರಿಗೆ ತಡೆಯಲಾಗಲಿಲ್ಲ.

"ಮದುವೆಯಾಗಿ ಇಷ್ಟು ವರ್ಷ ಆಯ್ತು, ಒಂದಿನ ನನಗೆ ಹಾಲು ಕುಡಿಯೇ ಅಂದೋರಲ್ಲ. ಭದ್ರಾವತಿಯೋಳಿಗೆ ನೋಡಿ, ಕೂತಲ್ಲೇ ಹಾಲು!"

ಭದ್ರಾವತಿಯೋಳು ಎಂಬ ಹೆಸರು ಹೀಗೆ ಬಂತು. ಆಕೆ ಅದನ್ನು ಹಿತ್ತಲಲ್ಲಿ ನಿಂತು ಗಟ್ಟಿಯಾಗಿ ಕೂಗುತ್ತಿದ್ದರು: "ರೀ, ನಿಮ್ಮ ಭದ್ರಾವತಿಯೋಳು ಇವತ್ತೂ ಉಂಡಿಲ್ಲ!" ಶಿವಮೂರ್ತಪ್ಪನಂಥವರಿಗೆ ಈ ವಯಸ್ಸಿನಲ್ಲಿ ಇದೇನು ಬಂತೆಂದು ಹಿಂದಿನ ಬೀದಿಯವರು ನನ್ನನ್ನು ಗುಟ್ಟಾಗಿ ಕೇಳಿದರು. ನಾನು ನಿಜ ಹೇಳಿದೆ. ನಿಜ ಕೇಳಿದ ಮೇಲೆ ಅವರಿಗೆ ಇನ್ನೂ ಗಾಬರಿಯಾಯಿತು. ಪಕ್ಕದ ಮನೆ ಬಂಗಾರಮ್ಮನವರಂತೂ ಮೊಳಕೈ ಮೇಲೆ ಎದ್ದಿದ್ದ ಗುಳ್ಳೆ ತೋರಿಸಿಕೊಂಡು ಕಾಂಪೌಂಡಿನ ಹತ್ತಿರ ಬಂದರು.

"ನಿಮ್ಮ ಜೇಡ ಉಚ್ಚೆ ಹೊಯ್ದಿದೆ ಕಣ್ರೀ ಶಿವಮೂರ್ತಪ್ನೋರೆ! ನೋಡಿ ಹೆಂಗೆ ಸುಟ್ಟಂಗಾಗಿದೆ!"

"ಅಮ್ಮ, ಅದು ಗಾಜಿನ ಡಬ್ಬೀಲಿದೆ. ನೀವು ಕಾಂಪೌಂಡ್ ಆಚೆ ಇದೀರಿ. ಅಷ್ಟ್ ದೂರ ಹಾರ್ಸೋಕೆ ಅದೇನು ಮುನಿಸಿಪಾಲ್ಟಿ ಪೈಪಾ?"

ಇಂಥ ಮಾತು ಅವರ ಬಾಯಿಂದ ಬಂದದ್ದನ್ನು ನಾನು ಹಿಂದೆ ಕೇಳಿರಲಿಲ್ಲ. ಮನುಷ್ಯ ಒಳಗೊಳಗೇ ರೇಗುತ್ತಿದ್ದರು. ಆ ವಾರವೇ ಅಂಗಡಿಯಲ್ಲಿ ಒಬ್ಬಾಕೆ, "ನವಿಲಿನ ಕತ್ತಿನ ಬಣ್ಣ ಅಲ್ಲ, ನವಿಲಿನ ಎದೆಯ ಬಣ್ಣ ತೋರಿಸಿ" ಎಂದಾಗ, "ತಾಯಿ, ನನ್ನ ಹತ್ರ ಇರೋದು ಬಟ್ಟೆ. ನವಿಲು ಬೇಕಾದ್ರೆ ಕಾಡಿಗೆ ಹೋಗಿ" ಎಂದುಬಿಟ್ಟರಂತೆ. ಕೋಟೆಯ ವ್ಯಾಪಾರಿಗಳೆಲ್ಲ ತಮ್ಮ ತಮ್ಮ ಗದ್ದುಗೆಯಿಂದ ಎದ್ದು ನೋಡಿದರಂತೆ.

ಗ್ರೈಂಡರಿನ ಋಣ ನನ್ನ ತಲೆಯ ಮೇಲಿತ್ತಲ್ಲ, ನಾನೂ ಏನಾದರೂ ಮಾಡಬೇಕೆಂದು ಸೈಬರ್ ಸೆಂಟರಿಗೆ ಹೋದೆ. ಜೇಡ ಸಾಕುವುದರ ಬಗ್ಗೆ ತಿಳಿಯಬೇಕು ಎಂದಾಗ ಅಲ್ಲಿಯ ಹುಡುಗಿ ಕಂಪ್ಯೂಟರಿನಲ್ಲಿ ಸ್ಪೈಡರ್ ಎಂದಿದ್ದ ಒಂದು ಚಿತ್ರ ಒತ್ತಿ ಕೊಟ್ಟು ಹೋದಳು. ಅದು ಇಸ್ಪೀಟಿನ ಆಟ. ಬಹಳ ಒಳ್ಳೆಯ ಆಟ. ಒಂದು ಮಧ್ಯಾಹ್ನ ಪೂರ್ತಿ ಆಡಿ, ಜೇಡದ ಬಗ್ಗೆ ಏನೂ ತಿಳಿಯದೆ, ಸೋತು ಮನೆಗೆ ಬಂದೆ.

ಕೊನೆಗೆ ಜಿರಲೆಯೇ ಆಗಬೇಕೆಂದು ನಾನು ಹೇಳಿದೆ. ಅವರ ಮನೆಯಲ್ಲಿ ಜಿರಲೆ ಇರಲಿಲ್ಲ. ನಮ್ಮ ಮನೆಯಲ್ಲಿ ಬೇಕಾದಷ್ಟಿದ್ದವು. ಇದನ್ನು ಬೀದಿಗೆಲ್ಲ ಸಾರಿದ್ದಕ್ಕೆ ವಿಮಲಾ ನನ್ನೊಡನೆ ಮಾತು ಬಿಟ್ಟಳು. ಒಂದು ದಪ್ಪ ಜಿರಲೆಯನ್ನು ಹಾರ್ಲಿಕ್ಸ್ ಬಾಟಲಿಯಲ್ಲಿ ಹಿಡಿದುಕೊಂಡು ಹೋದೆ.

ಶಿವಮೂರ್ತಪ್ಪ ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿದರು. ಜಿರಲೆ ಮೀಸೆ ಆಡಿಸಿತು.

"ಇದಕ್ಕೂ ಜೀವ ಇದೆಯಲ್ಲ ರಾಯರೆ."

"ಇರೋದಕ್ಕೇ ಅದು ತಿನ್ನೋದು. ಸತ್ತಿದ್ದು ತಿನ್ನಲ್ವಂತೆ."

"ಒಂದನ್ನ ಉಳಿಸೋಕೆ ಇನ್ನೊಂದನ್ನ ಕೊಡೋದು ಯಾವ ಸೀಮೆ ಧರ್ಮ?"

"ಧರ್ಮ ಬೇಡ, ವ್ಯಾಪಾರ ಅಂದ್ಕೊಳಿ."

"ವ್ಯಾಪಾರದಲ್ಲಿ ಎರಡೂ ಕಡೆಯೋರು ಒಪ್ಪಬೇಕು" ಎಂದು ಅವರು ಬಾಟಲಿಯನ್ನು ನನ್ನ ಕೈಗೇ ಕೊಟ್ಟು, ಗೋಡೆಯ ಕಡೆ ಮುಖ ಮಾಡಿ ನಿಂತರು. ನಾನು ಕಣ್ಣು ಮುಚ್ಚಿಕೊಂಡು ಜಿರಲೆಯನ್ನು ಪೆಟ್ಟಿಗೆಯೊಳಕ್ಕೆ ಸುರಿದೆ. ಇಬ್ಬರು ಗಂಡಸರು ನೋಡದೆ ಮಾಡಿದ ಆ ಘೋರ ಕೃತ್ಯದ ಫಲವನ್ನು ಮರುದಿನ ಬೆಳಿಗ್ಗೆ ನೋಡಿದರೆ ಜೇಡ ಒಂದು ಮೂಲೆಯಲ್ಲಿ, ಜಿರಲೆ ಇನ್ನೊಂದು ಮೂಲೆಯಲ್ಲಿ ಆರಾಮವಾಗಿ ಕೂತಿದ್ದವು. ಅದರ ಮರುದಿನವೂ ಹಾಗೆಯೇ. ಮೂರನೆಯ ದಿನ ಹೋದಾಗ ಪೆಟ್ಟಿಗೆಯಲ್ಲಿ ಒಂದು ಚೂರು ಬೆಲ್ಲ ಕಂಡಿತು.

"ಜೇಡ ಬೆಲ್ಲ ತಿನ್ನುತ್ತಾ?"

"ಅದಕ್ಕಲ್ಲ." ಶಿವಮೂರ್ತಪ್ಪ ಬೇರೆಲ್ಲೋ ನೋಡಿದರು. "ಜಿರಲೆ ಉಪವಾಸ ಇತ್ತು."

ಅಲ್ಲಿಂದ ಮುಂದೆ ನಡೆದದ್ದು ಅನ್ಯಾಯ. ಯಾರನ್ನು ಉಳಿಸಬೇಕಿತ್ತೋ ಅದು ಸೊರಗುತ್ತ ಬಂತು. ಅದರ ಹೊಟ್ಟೆಯ ಮೇಲಿನ ಕೂದಲು ಉದುರಿ ಬೋಳಾಯಿತು, ಮೈ ಬಣ್ಣ ಮಂಕಾಯಿತು, ಅಲುಗಾಡುವುದೂ ನಿಂತಿತು. ಯಾರನ್ನು ಆಹಾರವೆಂದು ತಂದಿದ್ದೆವೋ ಅದು ಬೆಲ್ಲ ತಿಂದು ಮದುವೆ ಗಂಡಿನ ಹಾಗೆ ಮಿರಿಮಿರಿ ಮಿಂಚುತ್ತಿತ್ತು. ಶಿವಮೂರ್ತಪ್ಪ ಅಂಗಡಿಯಿಂದ ಬಂದವರೇ ಚಪ್ಪಲಿ ಬಿಡುವ ಮೊದಲು ಹಿಂದಿನ ಕೋಣೆಗೆ ಹೋಗಿ ನೋಡುತ್ತಿದ್ದರು. ಹೊರಗೆ ಬಂದು ಚಪ್ಪಲಿಯಲ್ಲೇ ಕೂರುತ್ತಿದ್ದರು. ಏನಾಯಿತು ಎಂದು ಕೇಳುವ ಧೈರ್ಯ ನನಗಿರಲಿಲ್ಲ. ಜಿರಲೆ ನಮ್ಮ ಮನೆಯದು.

"ಕುದಿಯೋ ನೀರಾದ್ರೆ ಒಂದ್ ಗಳಿಗೇಲಿ ಹೋಗ್ತಿತ್ತು" ಎಂದರು ಒಂದು ಸಂಜೆ. "ನಾನು ತಂದು ಇಂಚಿಂಚಾಗಿ ಸಾಯಿಸ್ತಾ ಇದೀನಿ. ಆಷಾಢಕ್ಕೆ ಆ ಮಗು ಬಂದ್ರೆ ಏನಂತ ಹೇಳ್ಲಿ?"

ಆಷಾಢ ಹುಟ್ಟುವುದಕ್ಕೆ ಇನ್ನು ಸ್ವಲ್ಪವೇ ದಿನ ಇತ್ತು. ಒಂದು ಸೋಮವಾರ ಬೆಳಿಗ್ಗೆ ಬಸವರಾಜೇಶ್ವರಿಯವರು ನಮ್ಮ ಗೇಟಿನ ಹತ್ತಿರ ಬಂದು ಮೆಲ್ಲಗೆ ಕರೆದರು. ಆಕೆ ಮೆಲ್ಲಗೆ ಮಾತಾಡಿದ್ದಕ್ಕೇ ನನಗೆ ಭಯವಾಯಿತು.

"ಭದ್ರಾವತಿಯೋಳು ಹೋಗ್ಬಿಟ್ಲು ರಾಯರೆ. ಇವರು ಅಂಗಡಿಗೂ ಹೋಗಿಲ್ಲ. ಬಂದು ಏನಾದ್ರೂ ಹೇಳಿ."

ಪೆಟ್ಟಿಗೆಯ ನಡುವೆ ಅದು ಕಾಲುಗಳನ್ನು ಚೆಲ್ಲಿಕೊಂಡು ಬಿದ್ದಿತ್ತು. ಶಿವಮೂರ್ತಪ್ಪ ಬನಿಯನ್ನಿನಲ್ಲೇ ಎದುರು ಕೂತಿದ್ದರು. ನಾನು ಏನಾದರೂ ಹೇಳಬೇಕಿತ್ತು, ಹೇಳಿದೆ: "ಮುನಿಸಿಪಾಲ್ಟಿ ತೊಟ್ಟಿ ಇಲ್ಲೇ ಹತ್ತಿರ ಇದೆ."

ಗಂಡ ಹೆಂಡತಿ ಇಬ್ಬರೂ ನನ್ನ ಮುಖ ನೋಡಿದರು.

"ಮನೇಲಿ ಇದ್ದ ಜೀವ ರಾಯರೆ" ಎಂದರು ಬಸವರಾಜೇಶ್ವರಿ. ಅಷ್ಟು ದಿನ ಅದನ್ನು ಬೈದದ್ದು ಇವರೇ. "ಹಂಗೆಲ್ಲ ಎಸೆಯೋದಾ?"

"ಹಾಗಾದ್ರೆ ಎರಡು ಕಡ್ಡಿ ಇಟ್ಟು..."

"ಅದು ನಿಮ್ಮಲ್ಲಿ. ನಮ್ಮಲ್ಲಿ ಹೂಳೋದು."

ಸೋಮವಾರದ ಪೂಜೆಗೆ ಬಂದಿದ್ದ ಮಠದ ಅಯ್ಯನವರು ನಾಗಯ್ಯನವರು ಇದನ್ನೆಲ್ಲ ಬಾಗಿಲಲ್ಲಿ ನಿಂತು ಕೇಳುತ್ತಿದ್ದರು. ಶಿವಮೂರ್ತಪ್ಪ ಕೈಮುಗಿದು, "ಅಯ್ನೋರೆ, ಒಂದೆರಡು ಮಾತು ಹೇಳಿ ಕಳಿಸಿಕೊಡಿ" ಎಂದರು.

"ಲಿಂಗಧಾರಣೆ ಆಗಿತ್ತಾ?"

"ಇಲ್ಲ."

"ಮತ್ತೆ ನಂದೇನಿದೆ ಇಲ್ಲಿ ಕೆಲಸ?" ಎಂದು ಗೊಣಗಿದರೂ ಅಯ್ಯನವರು ಹೋಗಲಿಲ್ಲ. ದಾಸವಾಳದ ಗಿಡದ ಬುಡದಲ್ಲಿ ನನ್ನಿಂದಲೇ ಗುಂಡಿ ತೋಡಿಸಿದರು. ಶಿವಮೂರ್ತಪ್ಪ ಒಳಗಿನಿಂದ ರವಿಕೆ ಬಟ್ಟೆಯ ತುಂಡುಗಳ ಗಂಟು ತಂದು, ಕಂದು ಬಣ್ಣದ ಒಂದೊಂದೇ ತುಂಡನ್ನು ಅದರ ಮೈಗೆ ಹಿಡಿದು ನೋಡಿ, ಕೆಳಗಿಟ್ಟು, ಇನ್ನೊಂದನ್ನು ಹಿಡಿದು, ಬಹಳ ಹೊತ್ತಿನ ಮೇಲೆ ಒಂದನ್ನು ಆರಿಸಿದರು. ನಮ್ಮಲ್ಲಿ ಯಾರೂ ಬೇಗ ಎನ್ನಲಿಲ್ಲ. ಅವರಲ್ಲಿ ಸತ್ತವರನ್ನು ಕೂರಿಸಿ ಹೂಳುವ ಪದ್ಧತಿ. ಕೂರಿಸಲು ಹೋದರೆ ಅದು ನಿಲ್ಲಲಿಲ್ಲ. ಗಾಳಿ ಬೀಸಿದ್ದಕ್ಕೆ ಅಂಗೈಯಿಂದ ಹಾರಿ ನನ್ನ ಕಾಲ ಮೇಲೆ ಬಿತ್ತು. ನಾನು ದಾಸವಾಳದ ಗಿಡಕ್ಕಿಂತ ಎತ್ತರಕ್ಕೆ ನೆಗೆದೆ.

"ಈರುಳ್ಳಿ ಸಿಪ್ಪೆಯಷ್ಟು ಹಗುರ ಇದೆಯಲ್ರೀ!" ಎಂದರು ನಾಗಯ್ಯ.

"ಉಪವಾಸ ಅಯ್ನೋರೆ." ಶಿವಮೂರ್ತಪ್ಪ ಅದನ್ನು ಮತ್ತೆ ಅಂಗೈಗೆ ಎತ್ತಿಕೊಂಡರು. "ಒಳಗೇನೂ ಉಳಿದಿಲ್ಲ ಪಾಪ."

ವಿಭೂತಿ ಹಾಕಿ ಮಣ್ಣು ಮುಚ್ಚಿದೆವು. ಎಲ್ಲರಿಗೂ ಸ್ನಾನವಾಯಿತು. ನಾನೂ ತಣ್ಣೀರು ಹೊಯ್ದುಕೊಂಡೆ. ಜೇಡಕ್ಕೆ ಎಷ್ಟು ದಿನದ ಸೂತಕ ಎಂದು ವಿಮಲಾ ಕೇಳಿದಳು. ಅವಳು ಮತ್ತೆ ಮಾತಾಡಿದ್ದು ಹೀಗೆ.

ಮಧ್ಯಾಹ್ನ ಊಟಕ್ಕೆ ಕೂತಿದ್ದೆ. ಎದುರು ಮನೆಯ ಹಿತ್ತಲಿಂದ ಒಂದು ಕಿರುಚಾಟ ಕೇಳಿತು.

"ರೀ! ಭದ್ರಾವತಿಯೋಳು ಎದ್ದು ಬಂದವ್ಳೆ!"

ಎಂಜಲು ಕೈಯಲ್ಲೇ ಓಡಿದೆ. ಪೆಟ್ಟಿಗೆ ತೊಳೆಯಲೆಂದು ಬಸವರಾಜೇಶ್ವರಿಯವರು ಒಗೆಯುವ ಕಲ್ಲಿನ ಮೇಲಿಟ್ಟು ತೆಂಗಿನ ಚಿಪ್ಪು ಎತ್ತಿದ್ದರು. ಚಿಪ್ಪಿನ ಕೆಳಗೆ ಅದೇ ಜೇಡ. ಅದೇ ಎಂದರೆ ಅದೇ ಅಲ್ಲ: ಇನ್ನೊಂದು ಸುತ್ತು ದೊಡ್ಡದು, ಮೈಯೆಲ್ಲ ಹೊಸ ಮಖಮಲ್ಲು. ನಾಗಯ್ಯನವರು ಕೈಯಲ್ಲಿದ್ದ ಹೋಳಿಗೆ ಸಮೇತ ಒಳಗಿನಿಂದ ಬಂದರು. ಶಿವಮೂರ್ತಪ್ಪ ದಾಸವಾಳದ ಬುಡಕ್ಕೆ ಹೋಗಿ ಕೈಯಿಂದಲೇ ಮಣ್ಣು ತೆಗೆದರು. ಕಂದು ಬಟ್ಟೆಯಲ್ಲಿ ಸತ್ತದ್ದು ಸತ್ತ ಹಾಗೆಯೇ ಇತ್ತು.

"ಎರಡಿದ್ವೇನ್ರಿ?" ಎಂದರು ನಾಗಯ್ಯ.

ಉತ್ತರ ಗೊತ್ತಿದ್ದವಳು ಆಷಾಢದ ಮೊದಲ ವಾರ ಭದ್ರಾವತಿಯಿಂದ ಅಪ್ಪನ ಜೊತೆ ಬಸ್ಸಿಳಿದು ಬಂದಳು. ಸೌಂದರ್ಯಳ ಕೈತುಂಬ ಹೊಸ ಬಳೆಗಳಿದ್ದವು. ಅವಳು ನೆಟ್ಟಗೆ ಹಿಂದಿನ ಕೋಣೆಗೆ ಹೋಗಿ ಪೆಟ್ಟಿಗೆಯ ಮುಂದೆ ಕೂತು, ಬಹಳ ಹೊತ್ತು ನೋಡಿದಳು. ಆಮೇಲೆ ನಾವು ಹೂತು ತೆಗೆದಿದ್ದನ್ನು ಕೇಳಿ ತೆಗೆದುಕೊಂಡು ಬಿದ್ದು ಬಿದ್ದು ನಕ್ಕಳು.

"ಇದು ಪೊರೆ ಅಂಕಲ್! ಹಾವು ಬಿಡುತ್ತಲ್ಲ, ಹಂಗೆ. ಪೊರೆ ಬಿಡೋ ಮುಂಚೆ ವಾರಗಟ್ಟಲೆ ಏನೂ ತಿನ್ನಲ್ಲ. ನೀವು ಏನ್ ಇಟ್ಟಿದ್ರೂ ತಿಂತಿರ್ಲಿಲ್ಲ."

"ಮೊಸರನ್ನ ಕೂಡ?" ಎಂದರು ಶಿವಮೂರ್ತಪ್ಪ.

"ಮೊಸರನ್ನ ಯಾವತ್ತೂ ತಿನ್ನಲ್ಲ ಅಂಕಲ್."

ನನಗೆ ಸಿಟ್ಟು ಬಂತು. ಈ ಒಂದು ಮಾತನ್ನು ಹುಬ್ಬಳ್ಳಿಯಿಂದ ಒಂದು ಕಾರ್ಡು ಬರೆದು ಹಾಕಿದ್ದರೆ ನಾನು ಹಿಟ್ಟು ರುಬ್ಬಬೇಕಿರಲಿಲ್ಲ, ಗುಂಡಿ ತೋಡಬೇಕಿರಲಿಲ್ಲ, ತಣ್ಣೀರು ಸ್ನಾನ ಮಾಡಬೇಕಿರಲಿಲ್ಲ. ಹಿಟ್ಟು ರುಬ್ಬಿದ್ದಕ್ಕೂ ಇದಕ್ಕೂ ಸಂಬಂಧವಿಲ್ಲ ಎಂದು ವಿಮಲಾ ಹೇಳಿದಳು. ಇರಬಹುದು, ಸಿಟ್ಟಿನಲ್ಲಿ ಎಲ್ಲ ಸೇರಿಕೊಂಡಿತ್ತು.

ಅಷ್ಟರಲ್ಲಿ ಸೌಂದರ್ಯ ಪೊರೆಯನ್ನು ನೀರಿನಲ್ಲಿ ನೆನೆಸಿ, ಮೆಲ್ಲಗೆ ಬಿಡಿಸಿ, ಬೆಳಕಿಗೆ ಹಿಡಿದು ಒಳಭಾಗವನ್ನು ನೋಡುತ್ತಿದ್ದಳು. "ಇಷ್ಟು ದಿನ ಗೊತ್ತಾಗಿರ್ಲಿಲ್ಲ. ಪೊರೆ ನೋಡಿದ್ರೆ ಗೊತ್ತಾಗುತ್ತೆ. ಹೆಣ್ಣು!"

"ನಾನು ಮೊದಲಿಂದ ಏನಂತ ಕರೀತಿದ್ದೆ ಮತ್ತೆ?" ಎಂದರು ಬಸವರಾಜೇಶ್ವರಿ.

"ಗಂಡಾದ್ರೆ ಬೇಗ ಸಾಯುತ್ತೆ ಆಂಟಿ. ಹೆಣ್ಣು ಆರಾಮಾಗಿ ಇನ್ನು ಇಪ್ಪತ್ತು ವರ್ಷ ಇರುತ್ತೆ." ಹುಡುಗಿ ಸಂತೋಷದಿಂದ ಹೇಳಿದಳು. ಹೇಳಿದ ಮೇಲೆ ತನ್ನ ಬಳೆಗಳನ್ನು ನೋಡಿಕೊಂಡಳು. "ನಾನು ಕರ್ಕೊಂಡು ಹೋಗಬೇಕಿತ್ತು. ಅತ್ತೆಗೆ ಹಲ್ಲಿ ಕಂಡ್ರೇ ಆಗಲ್ಲ ಅಂಕಲ್."

ಧರ್ಮಪ್ಪ ಕಿಟಕಿಯ ಹೊರಗೆ ನೋಡತೊಡಗಿದರು. ಹೊಸ ಮನೆಯ ಮಾತು ಯಾರಾದರೂ ಎತ್ತಿಯಾರೆಂಬ ಭಯ ಅವರ ಬೆನ್ನಿನ ಮೇಲೆ ಬರೆದಿತ್ತು.

"ನೀನು ಆಗಾಗ ಬಂದು ನೋಡ್ಕೊಂಡು ಹೋಗಮ್ಮ" ಎಂದರು ಶಿವಮೂರ್ತಪ್ಪ. "ಇಲ್ಲೇ ಇರ್ಲಿ."

ಅವರಿಗೆ ಆಗಲೇ ಅರವತ್ತು ದಾಟಿತ್ತು, ಸಕ್ಕರೆ ಕಾಯಿಲೆ ಬೇರೆ. ನನಗೆ ತಡೆಯಲಾಗಲಿಲ್ಲ.

"ಇಲ್ಲೇ ಇರ್ಲಿ ಅಂತ ಸಲೀಸಾಗಿ ಹೇಳ್ತೀರಲ್ಲ ಮಾರಾಯ್ರೆ! ಇಪ್ಪತ್ತು ವರ್ಷ ಅಂತಿದಾಳೆ. ಅಲ್ಲೀವರೆಗೂ ಇದನ್ನ ಯಾರ್ರೀ ನೋಡ್ಕೊಳ್ಳೋರು?"

ಶಿವಮೂರ್ತಪ್ಪ ಪೆಟ್ಟಿಗೆಯ ಮುಚ್ಚಳ ಹಾಕಿ, ಅದರ ಮೇಲೆ ಟವೆಲ್ ಹೊದಿಸಿ, ನನ್ನನ್ನು ತಲೆಯಿಂದ ಕಾಲಿನವರೆಗೆ ಒಮ್ಮೆ ನೋಡಿದರು.

"ನೀವು ನನಗಿಂತ ಚಿಕ್ಕೋರಲ್ವಾ?"